ಕಬ್ಬಿಣದ ದಣಿವು

ಕಬ್ಬಿಣಕ್ಕೂ ದಣಿವಾಗುತ್ತದೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ. ಮನುಷ್ಯನಿಗೆ ದಣಿವಾದೀತು, ಉಳುವ ಎತ್ತಿಗೆ ಆದೀತು, ಕಬ್ಬಿಣಕ್ಕೆಂಥ ದಣಿವು? ಗಟ್ಟಿತನಕ್ಕೆ ನಾವು ಕೊಡುವ ಉಪಮಾನವೇ ಅದು. ತಲೆಗೆ ಹತ್ತದ ಪಾಠ ಕಬ್ಬಿಣದ ಕಡಲೆ. ಬೆಂಗಳೂರಿಗೆ ಬಂದು ನೆಲೆಸಿದ ಹೊಸತರಲ್ಲಿ ನೆರೆಮನೆಯ ನಿವೃತ್ತ ಹೆಡ್‌ಮಾಸ್ತರರು, ತಾವು ಯಾವ ಇಲಾಖೆಯಲ್ಲಿದ್ದಿರಿ ಎಂದು ವಿಚಾರಿಸಿದರು. “ಹಡಗುಗಳ ತಪಾಸಣೆ. ಅವುಗಳ ಉಕ್ಕು ಎಷ್ಟು ದಣಿದಿದೆ, ಇನ್ನೆಷ್ಟು ದಿನ ತಡೆದೀತು ಎಂದು ನೋಡಿ ಹೇಳುವ ಕೆಲಸ” ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು, “ನಾಡಿ ಹಿಡಿದು ನೋಡುತ್ತಿದ್ದಿರೋ?” ಎಂದರು. ಹಾಸ್ಯಕ್ಕೆ ಆಡಿದ ಮಾತು. ಆದರೆ ನಿಜಕ್ಕೆ ಬಹಳ ದೂರವೇನಲ್ಲ. ವೈದ್ಯರ ಹಾಗೆಯೇ ನಾವೂ ವಯಸ್ಸು ಕೇಳುತ್ತೇವೆ, ಹಿಂದಿನ ಕಾಯಿಲೆಗಳ ಚರಿತ್ರೆ ಓದುತ್ತೇವೆ, ಲಕ್ಷಣ ನೋಡುತ್ತೇವೆ, ಕೊನೆಗೆ ಒಂದು ಅಂದಾಜು ಹೇಳುತ್ತೇವೆ. ನಮ್ಮ ರೋಗಿ ಮಾತ್ರ ಬಾಯಿ ಬಿಡುವುದಿಲ್ಲ.

ಈ ದಣಿವಿಗೆ ಸಾಕ್ಷಿ ಹುಡುಕಲು ಸಮುದ್ರದವರೆಗೆ ಹೋಗಬೇಕಾಗಿಲ್ಲ. ಒಂದು ತುಂಡು ತಂತಿಯನ್ನು ಎಳೆದು ಕಡಿಯಿರಿ ಎಂದರೆ ಪೈಲ್ವಾನನಿಂದಲೂ ಆಗದು. ಅದನ್ನೇ ಅತ್ತಿತ್ತ ಹತ್ತು ಇಪ್ಪತ್ತು ಸಲ ಬಗ್ಗಿಸಿದರೆ ಶಾಲೆಯ ಹುಡುಗ ಮುರಿದುಹಾಕುತ್ತಾನೆ. ಕೊಡೆಯ ಕಡ್ಡಿ ಮುರಿಯುವುದನ್ನು ನೀವು ಗಮನಿಸಿರಬೇಕು. ಗಾಳಿ ಜೋರಾಗಿದ್ದ ದಿನ ಮುರಿಯಿತೆಂದು ನಾವು ಗಾಳಿಯನ್ನು ಬೈಯುತ್ತೇವೆ. ಮುರಿದ ಜಾಗ ನೋಡಿದರೆ, ಸಾಮಾನ್ಯವಾಗಿ ಅದು ಕಡ್ಡಿಗೆ ಕಡ್ಡಿ ಕೂಡುವ ಕೀಲಿನ ಬಳಿಯೇ ಇರುತ್ತದೆ. ಹಿಂದಿನ ಮೂರು ನಾಲ್ಕು ಮಳೆಗಾಲಗಳಲ್ಲಿ ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಅಲ್ಲಿ ಒಂದು ಕೂದಲೆಳೆಯಷ್ಟು ಸೀಳು ಆಗಲೇ ಹುಟ್ಟಿ ಬೆಳೆದಿರುತ್ತದೆ. ಆ ದಿನದ ಗಾಳಿ ಒಂದು ನೆಪ.

ಭಾರ ಎಷ್ಟು ಎಂಬುದರ ಜೊತೆಗೆ ಎಷ್ಟು ಸಲ ಎಂಬುದನ್ನೂ ಕೇಳಬೇಕೆಂದು ಲೋಕಕ್ಕೆ ಕಲಿಸಿದ್ದು ರೈಲು. ೧೮೪೨ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲಿನ ಇಂಜಿನ್ನೊಂದರ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ದಿನವೂ ಅದೇ ಭಾರ ಹೊತ್ತು ಓಡುತ್ತಿದ್ದ ಅಚ್ಚು ಒಂದು ದಿನ ಇದ್ದಕ್ಕಿದ್ದಂತೆ ಏಕೆ ಮುರಿಯಬೇಕು? ಆಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಇಂಜಿನಿಯರು ೧೮೫೦ ಮತ್ತು ೬೦ರ ದಶಕಗಳಲ್ಲಿ ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ ಲಕ್ಷಾಂತರ ಸಲ ಬಗ್ಗಿಸಿ ನೋಡಿದ. ಒಮ್ಮೆ ಹೊರಿಸಿದರೆ ಸುಖವಾಗಿ ಹೊರುವ ಭಾರವನ್ನು ಇಳಿಸಿ, ಹೊರಿಸಿ, ಇಳಿಸಿ, ಹೊರಿಸಿದರೆ ಅದೇ ಉಕ್ಕು ಸೋಲುತ್ತದೆಂದು ತೋರಿಸಿಕೊಟ್ಟ. ಈ ವಿದ್ಯೆಯಲ್ಲಿ ಅನಂತರ ಬಂದವರೆಲ್ಲ ಅವನ ಮನೆಯ ಅಡಿಪಾಯದ ಮೇಲೆಯೇ ಗೋಡೆ ಎಬ್ಬಿಸಿದವರು.

ಈಗ ಹಡಗಿಗೆ ಬನ್ನಿ. ದಡದಲ್ಲಿ ನಿಂತು ನೋಡುವವರಿಗೆ ಹಡಗೆಂದರೆ ಅಲುಗಾಡದ ಕೋಟೆ. ನಿಜವಾಗಿ ಅದೊಂದು ಉದ್ದನೆಯ ಹಲಗೆ. ಅಲೆಯ ನೆತ್ತಿ ಹಡಗಿನ ನಡುವಿಗೆ ಬಂದಾಗ, ನಡುವೆ ಕಲ್ಲಿಟ್ಟ ಹಲಗೆಯಂತೆ ಎರಡು ತುದಿಗಳೂ ಕೆಳಕ್ಕೆ ಬಾಗುತ್ತವೆ. ಅಲೆ ಮುಂದೆ ಸರಿದು ಎರಡು ತುದಿಗಳ ಕೆಳಗೆ ಎರಡು ನೆತ್ತಿಗಳು ಬಂದಾಗ ಹೊಟ್ಟೆ ಜೋಲುತ್ತದೆ. ದೊಡ್ಡ ಹಡಗಿನ ಉದ್ದನೆಯ ಓಣಿಯಲ್ಲಿ ನಿಂತು ಬಿರುಸಾದ ಸಮುದ್ರದಲ್ಲಿ ಆಚೆಯ ತುದಿಯನ್ನು ನೋಡಿದರೆ, ಅದು ಏರುವುದು, ಇಳಿಯುವುದು, ಸ್ವಲ್ಪ ತಿರುಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಅನ್ನ ಸೇರುವುದಿಲ್ಲ.

ಲೆಕ್ಕ ಹಾಕೋಣ. ಎಂಟು ಸೆಕೆಂಡಿಗೆ ಒಂದು ಅಲೆ ಎಂದಿಟ್ಟುಕೊಳ್ಳಿ. ದಿನಕ್ಕೆ ೮೬,೪೦೦ ಸೆಕೆಂಡು; ಅಂದರೆ ದಿನಕ್ಕೆ ೧೦,೮೦೦ ಅಲೆ. ವರ್ಷಕ್ಕೆ ೩೯ ಲಕ್ಷ. ಹಡಗಿನ ಆಯುಷ್ಯ ೨೫ ವರ್ಷವೆಂದರೆ, ಬಂದರಿನಲ್ಲಿ ನಿಂತ ದಿನಗಳನ್ನು ಕಳೆದರೂ ಎಂಟು ಕೋಟಿ ಸಲಕ್ಕಿಂತ ಹೆಚ್ಚು ಅದು ಬಗ್ಗಿ ಎದ್ದಿರುತ್ತದೆ. ಮನುಷ್ಯರಲ್ಲಿ ಇಷ್ಟು ಸಲ ಬಾಗುವವರು ಸರ್ಕಾರಿ ಕಚೇರಿಯಲ್ಲಿಯೂ ಸಿಕ್ಕಲಾರರು.

ಹಳೆಯ ಕಾಲದ ಉಕ್ಕಿನ ಹಡಗುಗಳನ್ನು ರಿವೆಟ್ಟು ಹೊಡೆದು ಕೂಡಿಸುತ್ತಿದ್ದರು. ತಗಡಿನ ಅಂಚಿನ ಮೇಲೆ ತಗಡಿನ ಅಂಚು, ನಡುವೆ ಸಾಲು ಸಾಲು ಕೆಂಪಗೆ ಕಾದ ರಿವೆಟ್ಟು. ಆ ಕೆಲಸಕ್ಕೆ ಜನ ಹೆಚ್ಚು, ಸಮಯ ಹೆಚ್ಚು, ಉಕ್ಕೂ ಹೆಚ್ಚು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಅದನ್ನು ಬಿಟ್ಟು ಬೆಸುಗೆಗೆ ಕೈಹಾಕಿದರು. ಲಿಬರ್ಟಿ ಎಂಬ ಹೆಸರಿನ ೨,೭೧೦ ಸರಕು ಹಡಗುಗಳು ೧೯೪೧ರಿಂದ ೧೯೪೫ರೊಳಗೆ ನೀರಿಗಿಳಿದವು. ಅವುಗಳಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬುದನ್ನು ೧೯೪೨ರ ನವೆಂಬರಿನಲ್ಲಿ ಐದು ದಿನ ತುಂಬುವುದರೊಳಗೆ ಕಟ್ಟಿಬಿಟ್ಟರು. ನಮ್ಮಲ್ಲಿ ಮದುವೆಯ ಚಪ್ಪರಕ್ಕೂ ಅಷ್ಟು ದಿನ ಬೇಕು.

೧೯೪೩ರ ಜನವರಿ ೧೬ರ ರಾತ್ರಿ, ಆರಿಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ, ‘ಸ್ಕೆನೆಕ್ಟಡಿ’ ಎಂಬ ಹೊಚ್ಚ ಹೊಸ ಎಣ್ಣೆ ಹಡಗು ಕಟ್ಟೆಗೆ ಕಟ್ಟಿಕೊಂಡು ಸುಮ್ಮನೆ ನಿಂತಿತ್ತು. ಅಲೆಯಿಲ್ಲ, ಗಾಳಿಯಿಲ್ಲ. ಮೈಲಿಯಾಚೆಗೂ ಕೇಳುವಂಥ ಸದ್ದಿನೊಡನೆ ಅದು ನಡುವಿನಲ್ಲಿ ಸೀಳಿಹೋಯಿತು. ತಳದ ತಗಡು ಮಾತ್ರ ಹಿಡಿದುಕೊಂಡಿತ್ತು. ಲಿಬರ್ಟಿ ಹಡಗುಗಳಲ್ಲಿಯೂ ಬಿರುಕಿನ ವರದಿಗಳು ಸಾಲುಗಟ್ಟಿ ಬಂದವು. ಕೆಲವು ಎರಡು ತುಂಡಾದವು. ತಪ್ಪೆಲ್ಲ ಬೆಸುಗೆಯದೇ ಎಂದು ಬಹಳ ಜನ ತೀರ್ಮಾನಿಸಿದ್ದರು. ಕೇಂಬ್ರಿಜ್ಜಿನಲ್ಲಿ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಮಹಿಳೆ ಆ ಉಕ್ಕನ್ನೇ ಪರೀಕ್ಷೆಗೆ ಹಚ್ಚಿ, ಒಂದು ಮಟ್ಟಕ್ಕಿಂತ ತಣ್ಣಗಾದರೆ ಅದು ಬಾಗುವ ಗುಣ ಕಳೆದುಕೊಂಡು ಗಾಜಿನಂತೆ ಸೀಳುತ್ತದೆಂದು ತೋರಿಸಿದರು. ಬೆಸುಗೆಯ ಪಾಲೂ ಇರದಿರಲಿಲ್ಲ. ರಿವೆಟ್ಟಿನ ಹಡಗಿನಲ್ಲಿ ಬಿರುಕು ತಗಡಿನ ಅಂಚಿಗೆ ಬಂದರೆ ಅಲ್ಲಿಗೆ ನಿಲ್ಲುತ್ತಿತ್ತು. ಪಕ್ಕದ ತಗಡು ಬೇರೆ ಮನೆ. ಬೆಸೆದ ಹಡಗು ಒಂದೇ ಮನೆ. ಬೆಂಕಿ ಬಿದ್ದರೆ ಅಡಿಗೆಮನೆಯಿಂದ ಪಡಸಾಲೆಯವರೆಗೆ. ಡೆಕ್ಕಿನ ಬಾಗಿಲುಗಳ ಚೌಕ ಮೂಲೆಗಳಲ್ಲಿಯೇ ಎಷ್ಟೋ ಬಿರುಕುಗಳು ಹುಟ್ಟಿದ್ದವು. ಮೂಲೆಗಳನ್ನು ದುಂಡಗೆ ಮಾಡಿದರು, ಬಿರುಕಿಗೆ ಅಡ್ಡವಾಗಿ ರಿವೆಟ್ಟಿನ ಪಟ್ಟಿಗಳನ್ನು ಹೊಡೆದರು.

ಸ್ಕೆನೆಕ್ಟಡಿಯದು ದಣಿವಿನಿಂದಾದ ಸಾವಲ್ಲ, ಹಠಾತ್ತಾಗಿ ಬಂದದ್ದು. ದಣಿವಿನ ಬಿರುಕು ಸಾವಕಾಶದ್ದು, ವರ್ಷಗಟ್ಟಲೆ ಕಾಯುವಂಥದು. ಆದರೆ ಸಣ್ಣಗೆ ಬೆಳೆದ ಬಿರುಕು ಒಂದು ಗಾತ್ರ ಮುಟ್ಟಿದಮೇಲೆ ಅದರ ಕೊನೆಯೂ ಹೀಗೆ ಹಠಾತ್ತೇ. ಆದ್ದರಿಂದ ಅದು ಸಾವಕಾಶವಾಗಿರುವಾಗಲೇ ಕಂಡುಹಿಡಿಯಬೇಕು.

ಬೆಸುಗೆ ಎಂಬ ಮಾತು ನಮ್ಮ ಭಾಷೆಯಲ್ಲಿ ಬಹಳ ಮಧುರವಾದುದು. ಹೃದಯ ಬೆಸೆಯುವುದು, ಸಂಬಂಧ ಬೆಸೆಯುವುದು. ಹಡಗಿನ ಬೆಸುಗೆಯನ್ನು ಹತ್ತಿರದಿಂದ ನೋಡಿದವನಿಗೆ ಇನ್ನೂ ಕೆಲವು ಸಂಗತಿಗಳು ತಿಳಿದಿರುತ್ತವೆ. ಕರಗಿದ ಉಕ್ಕು ಆರುವಾಗ ಸಂಕುಚಿಸಬೇಕು. ಸುತ್ತಣ ತಣ್ಣನೆಯ ತಗಡು ಬಿಡುವುದಿಲ್ಲ. ಆ ಜಗ್ಗಾಟ ಅಲ್ಲಿಯೇ ಉಳಿಯುತ್ತದೆ. ಹಡಗು ನೀರು ಕಾಣುವ ಮೊದಲೇ ಬೆಸುಗೆಯ ನೆರೆಯ ಉಕ್ಕು ತಾನು ತಡೆಯಬಲ್ಲಷ್ಟು ಎಳೆತವನ್ನು ಹೊತ್ತು ಕೂತಿರುತ್ತದೆ. ಜೊತೆಗೆ, ಬೆಸುಗೆಯ ಏರಿ ತಗಡಿನ ಮೇಲೆ ಇಳಿದು ಮುಗಿಯುವ ಅಂಚಿನಲ್ಲಿ, ನಾವು ಅದಕ್ಕೆ ಬೆಸುಗೆಯ ಪಾದ ಎನ್ನೋಣ, ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಕಚ್ಚುಗಳು ಎಷ್ಟು ನಿಪುಣ ಕೈಯಾದರೂ ಉಳಿಯುತ್ತವೆ. ಬಿರುಕು ಹುಟ್ಟಬೇಕಾಗಿಯೇ ಇಲ್ಲ, ಬೀಜ ಬಿತ್ತಿಯಾಗಿದೆ. ಇನ್ನು ಬೆಳೆಯುವುದೊಂದೇ ಬಾಕಿ.

ಇದರಿಂದ ಒಂದು ವಿಚಿತ್ರವಾದ ಮಾತು ಹೊರಡುತ್ತದೆ. ಹೆಚ್ಚು ಗಟ್ಟಿಯಾದ ಉಕ್ಕನ್ನು ಹಾಕಿದರೆ ಬೆಸೆದ ಕೀಲು ಹೆಚ್ಚು ಬಾಳುವುದಿಲ್ಲ. ಬಿರುಕು ಬೆಳೆಯುವ ವೇಗ ಗಟ್ಟಿ ಉಕ್ಕಿನಲ್ಲಿಯೂ ಸಾದಾ ಉಕ್ಕಿನಲ್ಲಿಯೂ ಹೆಚ್ಚುಕಡಮೆ ಒಂದೇ. ಇದನ್ನು ಲೋಕ ದುಬಾರಿ ಬೆಲೆ ಕೊಟ್ಟು ಕಲಿಯಿತು. ೧೯೮೦ರ ದಶಕದಲ್ಲಿ ಕಟ್ಟಿದ ಭಾರಿ ಎಣ್ಣೆ ಹಡಗುಗಳಲ್ಲಿ ಗಟ್ಟಿ ಉಕ್ಕು ಬಳಸಿ ತಗಡನ್ನು ತೆಳ್ಳಗೆ ಮಾಡಿದರು. ತೂಕ ಉಳಿಯಿತು, ಹಣ ಉಳಿಯಿತು. ತೆಳ್ಳಗಾದಷ್ಟೂ ತಗಡಿನ ಮೇಲಿನ ಒತ್ತಡ ಏರಿತು. ಕೆಲವು ವರ್ಷಗಳೊಳಗೆ ಅವುಗಳ ಪಕ್ಕೆಯಲ್ಲಿ, ನೀರಿನ ಮಟ್ಟದ ಆಸುಪಾಸಿನಲ್ಲಿ, ಅಲೆ ಬಂದು ಬಂದು ಬಡಿಯುವ ಕಡೆ ಬಿರುಕುಗಳು ಕಾಣಿಸಿಕೊಂಡವು. ಒತ್ತಡದ ಏರಿಳಿತ ನಾಲ್ಕರಲ್ಲಿ ಒಂದು ಪಾಲು ಹೆಚ್ಚಿದರೆ ಬೆಸುಗೆಯ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಎರಡರಷ್ಟಾದರೆ ಎಂಟರಲ್ಲೊಂದು ಪಾಲಿಗೆ.

ಆಯುಷ್ಯ ಎಣಿಸುವ ಕ್ರಮವನ್ನು ಬ್ಯಾಂಕಿನ ಪಾಸ್‌ಬುಕ್ಕಿನ ಹೋಲಿಕೆಯಿಂದ ಹೇಳುವುದು ಸುಲಭ. ಸ್ವೀಡನ್ನಿನ ಪಾಮ್‌ಗ್ರೆನ್ ೧೯೨೪ರಲ್ಲಿ, ಅಮೆರಿಕದ ಮೈನರ್ ೧೯೪೫ರಲ್ಲಿ ಹೇಳಿದ ಸೂತ್ರ ಇದು. ಪ್ರತಿಯೊಂದು ಕೀಲಿಗೂ ಹುಟ್ಟುವಾಗಲೇ ಒಂದು ಮೊತ್ತ ಜಮೆಯಾಗಿರುತ್ತದೆ. ಪ್ರತಿ ಅಲೆಯೂ ತನ್ನ ಗಾತ್ರಕ್ಕೆ ತಕ್ಕಂತೆ ಸ್ವಲ್ಪ ಹಣ ತೆಗೆಯುತ್ತದೆ. ಮತ್ತೆ ಜಮೆ ಎಂಬುದಿಲ್ಲ. ಮೊತ್ತ ತೀರಿದ ದಿನ ಕೀಲಿನ ಆಯುಷ್ಯ ತೀರಿತು. ಇಲ್ಲಿ ಇನ್ನೊಂದು ವಿಶೇಷ: ಹೆಚ್ಚು ಹಣ ತೆಗೆಯುವುದು ಎಂದೋ ಒಮ್ಮೆ ಬರುವ ಮಹಾ ಬಿರುಗಾಳಿಯಲ್ಲ, ಯಾರೂ ಲೆಕ್ಕಕ್ಕಿಡದ, ದಿನದಿನದ ಮಧ್ಯಮ ಅಲೆಗಳು. ಸಂಸಾರಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗಳ ಮದುವೆಯ ಖರ್ಚು ನೆನಪಿರುತ್ತದೆ. ಕಾಫಿಪುಡಿಯ ಖರ್ಚು ನೆನಪಿರುವುದಿಲ್ಲ.

ಈಗಿನ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ದೊಡ್ಡ ಎಣ್ಣೆ ಹಡಗು, ಅದಿರು ಧಾನ್ಯ ಹೊರುವ ಹಡಗುಗಳನ್ನು ಉತ್ತರ ಅಟ್ಲಾಂಟಿಕ್ ಸಮುದ್ರದ ಅಲೆಗಳಲ್ಲಿ ೨೫ ವರ್ಷ ಬಾಳುವಂತೆ ಲೆಕ್ಕ ಹಾಕಿ ಕಟ್ಟಬೇಕು. ಕೀಲುಗಳನ್ನು ಅವುಗಳ ಆಕಾರ ನೋಡಿ ತರಗತಿಗಳಾಗಿ ವಿಂಗಡಿಸಿ, ಪ್ರತಿ ತರಗತಿಗೂ ಒಂದು ಗೆರೆ ಎಳೆದಿದ್ದಾರೆ: ಇಷ್ಟು ಒತ್ತಡಕ್ಕೆ ಇಷ್ಟು ಲಕ್ಷ ಸಲ. ಆ ಗೆರೆಯನ್ನು ಎಚ್ಚರಿಕೆಯಿಂದ ಕೆಳಗೆಳೆದಿರುತ್ತಾರೆ; ನೂರು ಮಾದರಿಗಳಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಅದನ್ನು ದಾಟಿ ಬಾಳುತ್ತವೆ. ಕೇಳಿದರೆ ಸಮಾಧಾನವಾಗುತ್ತದೆ. ಉಳಿದ ಎರಡು ಮೂರರ ಗತಿಯೇನು? ಒಂದು ಹಡಗಿನಲ್ಲಿ ಇಂಥ ಕೀಲುಗಳು ಸಾವಿರಾರು. ಅಂದಮೇಲೆ ಲೆಕ್ಕ ಎಷ್ಟೇ ಸರಿಯಾಗಿದ್ದರೂ ಎಲ್ಲಿಯೋ ಒಂದು ಬಿರುಕು ಇರುವ ಸಂಭವ ಇದ್ದೇ ಇದೆ. ಲೆಕ್ಕ ಎಲ್ಲಿ ನೋಡಬೇಕೆಂದು ಹೇಳುತ್ತದೆ; ನೋಡುವುದಕ್ಕೆ ಮನುಷ್ಯನೇ ಹೋಗಬೇಕು.

ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಸುಬಿನವರು ಮರೆಯದ ಹೆಸರು ‘ಅಲೆಕ್ಸಾಂಡರ್ ಕೀಲಂಡ್’. ಅದು ಹಡಗಲ್ಲ, ನಾರ್ವೆಯ ಉತ್ತರ ಸಮುದ್ರದ ಎಣ್ಣೆ ಬಾವಿಗಳ ಕೆಲಸಗಾರರಿಗೆ ವಸತಿಯಾಗಿದ್ದ, ಐದು ಕಾಲುಗಳ ತೇಲುವ ಕಟ್ಟಡ. ಬೆಸುಗೆಯ ಉಕ್ಕು, ಅದೇ ಅಲೆ. ಅದರ ಒಂದು ತೊಲೆಗೆ, ನೀರೊಳಗಿನ ಶಬ್ದ ಹಿಡಿಯುವ ಸಣ್ಣ ಉಪಕರಣವೊಂದನ್ನು ಕೂರಿಸಲು ತೂತು ಕೊರೆದು, ಆರು ಮಿಲಿಮೀಟರಿನ ಬೆಸುಗೆ ಹಾಕಿ ಒಂದು ಹಿಡಿಕೆ ಜೋಡಿಸಿದ್ದರು. ಭಾರ ಹೊರುವ ಭಾಗವಲ್ಲವೆಂದು ಆ ಬೆಸುಗೆಯನ್ನು ಯಾರೂ ದೊಡ್ಡದಾಗಿ ಎಣಿಸಲಿಲ್ಲ. ಬಿರುಕು ಅಲ್ಲಿಂದ ಹೊರಟು ತೊಲೆಯ ಸುತ್ತಳತೆಯ ಮೂರರಲ್ಲಿ ಎರಡು ಪಾಲನ್ನು ಮೆಲ್ಲಗೆ ತಿಂದಿತು. ೧೯೮೦ರ ಮಾರ್ಚ್ ೨೭ರ ಸಂಜೆ ತೊಲೆ ಮುರಿಯಿತು; ಅದರ ಭಾರ ಬಿದ್ದು ಉಳಿದ ತೊಲೆಗಳೂ ಮುರಿದು ಒಂದು ಕಾಲೇ ಕಳಚಿಹೋಯಿತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಕಟ್ಟಡ ಮಗುಚಿತು. ಇದ್ದ ೨೧೨ ಜನರಲ್ಲಿ ೧೨೩ ಜನ ಸತ್ತರು. ವಿಚಾರಣೆಯವರು ಮುರಿದ ಮೈಯನ್ನು ಪರೀಕ್ಷಿಸಿದಾಗ ಬಿರುಕಿನ ಒಳಗೆ ಬಣ್ಣ ಸಿಕ್ಕಿತು. ಎಂದರೆ, ಕಟ್ಟುವ ಅಂಗಳದಲ್ಲಿ ಬಣ್ಣ ಬಳಿಯುವ ದಿನವೇ ಅಲ್ಲಿ ಬಿರುಕಿತ್ತು. ಅದರ ಮೇಲೆ ಕುಂಚ ಆಡಿಸಿದ್ದರು. ಈ ಬಣ್ಣದ ಸಂಗತಿಯನ್ನು ಓದಿದಮೇಲೆ ಹೊಸದಾಗಿ ಬಣ್ಣ ಬಳಿದ ಹಡಗನ್ನು ಕಂಡರೆ ನನಗೆ ಸಂತೋಷಕ್ಕಿಂತ ಗುಮಾನಿಯೇ ಹೆಚ್ಚು.

ನಮ್ಮ ನಿಯಮಾವಳಿಯಲ್ಲಿ ‘ಹತ್ತಿರದ ತಪಾಸಣೆ’ ಎಂಬುದಕ್ಕೆ ಒಂದು ವ್ಯಾಖ್ಯೆ ಇದೆ: ಸಾಮಾನ್ಯವಾಗಿ ಕೈಗೆಟಕುವಷ್ಟು ಹತ್ತಿರ. ದೂರದಿಂದ ದೀಪ ಬಿಟ್ಟು ನೋಡಿದರೆ ಸಾಲದು. ಅದಕ್ಕಾಗಿ ಹಡಗಿನ ತೂಕ ಸರಿದೂಗಿಸಲು ಸಮುದ್ರದ ನೀರು ತುಂಬುವ ತೊಟ್ಟಿಗಳ ಒಳಕ್ಕೆ ಇಳಿಯಬೇಕು. ಇಳಿಯುವ ಮೊದಲು ಒಳಗಿನ ಗಾಳಿ ಅಳೆಯಬೇಕು; ಮುಚ್ಚಿದ ತೊಟ್ಟಿಯಲ್ಲಿ ಉಕ್ಕು ತುಕ್ಕು ಹಿಡಿಯುತ್ತ ಉಸಿರಾಡುವ ಆಮ್ಲಜನಕವನ್ನೇ ನುಂಗಿಬಿಟ್ಟಿರುತ್ತದೆ. ಕತ್ತಲೆ, ಸೆಕೆ, ಮೊಣಕಾಲಿನವರೆಗೆ ಕೆಸರು.

ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ, ಹನ್ನೊಂದು ವರ್ಷ ಹಳೆಯದಾದ ಎಣ್ಣೆ ಹಡಗೊಂದರ ತೊಟ್ಟಿಯೊಳಗೆ ಹೀಗೆ ಇಳಿದಿದ್ದೆ. ಜೊತೆಗೆ ಮಲ್ಪೆಯ ಕಡೆಯ ಒಬ್ಬ ಹಿರಿಯ ವೆಲ್ಡರು. ಬ್ಯಾಟರಿಯನ್ನು ತಗಡಿಗೆ ಒರಗಿಸಿ ಬೆಳಕನ್ನು ಓರೆಯಾಗಿ ಬಿಟ್ಟಿದ್ದ ಅವರೇ ಮೊದಲು ಕಂಡದ್ದು. “ಸಾರ್, ಇಲ್ಲಿ ನೋಡಿ. ಬಣ್ಣದ ಮೇಲೆ ಕೂದಲು ಬಿದ್ದ ಹಾಗೆ ಉಂಟು” ಎಂದರು. ಒಂದು ಮೂಲೆಪಟ್ಟಿಯ ಬೆಸುಗೆಯ ಪಾದದಿಂದ ಕಂದು ಬಣ್ಣದ ಸಣ್ಣ ಗೆರೆ ಇಳಿದಿತ್ತು. ಉಜ್ಜಿ, ಬಿಳಿ ಬಣ್ಣ ಹಾಯಿಸಿ, ಅಯಸ್ಕಾಂತ ಹಿಡಿದು ಕಬ್ಬಿಣದ ಪುಡಿ ಚೆಲ್ಲಿದಾಗ ಪುಡಿ ಸಾಲಾಗಿ ನಿಂತಿತು: ನಾಲ್ಕು ಸೆಂಟಿಮೀಟರು. ಮುಂದಿನ ಅಂಕಣಗಳಲ್ಲಿ ಅದೇ ಜಾಗದಲ್ಲಿ ಇನ್ನೆರಡು ಸಿಕ್ಕವು. ಒಂದಾಗಿದ್ದರೆ ಆಕಸ್ಮಿಕವೆನ್ನಬಹುದು, ಮೂರಾದರೆ ಅದು ಆ ಕೀಲಿನ ಜಾತಕ.

ಹಡಗಿನ ಮಾಲೀಕರ ಕಡೆಯ ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಮರುದಿನ ಬೆಳಿಗ್ಗೆ ಹಡಗು ಹೊರಡಬೇಕು, ತಡವಾದರೆ ದಿನಕ್ಕೆ ಲಕ್ಷಗಟ್ಟಲೆ ನಷ್ಟ, ಅವರ ಮೇಲಿನವರು ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು. “ಮೇಲೊಂದು ವೆಲ್ಡಿಂಗ್ ಎಳೆಸಿಬಿಡೋಣ ಸಾರ್, ಒಂದು ಗಂಟೆಯ ಕೆಲಸ” ಎಂದರು. ನಾನು ಒಪ್ಪಲಿಲ್ಲ. ಬಿರುಕನ್ನು ಬುಡಸಹಿತ ಕೆತ್ತಿ ತೆಗೆದು ಬೆಸೆಯಬೇಕು. ಮೂಲೆಪಟ್ಟಿಯ ತುದಿಯನ್ನು ಮೊಂಡಾಗಿ ಬಿಡದೆ ನಯವಾಗಿ ಇಳಿಜಾರು ಮಾಡಬೇಕು. ಆಚೆಯ ಮಗ್ಗುಲಲ್ಲಿ ಇನ್ನೊಂದು ಪಟ್ಟಿ ಕೊಡಬೇಕು. ಬೆಸುಗೆಯ ಪಾದವನ್ನು ಉಜ್ಜಿ ನುಣುಪು ಮಾಡಬೇಕು. ಎರಡು ದಿನ ಬೇಕು ಎಂದೆ.

“ಈ ಗೆರೆಯಿಂದ ಹಡಗು ಮುಳುಗುತ್ತದೆಂದು ನೀವು ಬರೆದುಕೊಡುತ್ತೀರಾ?” ಎಂದು ಕೇಳಿದರು.

“ಇಲ್ಲ. ಮುಂದಿನ ತಪಾಸಣೆಯವರೆಗೆ ಇದು ಬೆಳೆಯುವುದಿಲ್ಲವೆಂದು ನೀವು ಬರೆದುಕೊಡುತ್ತೀರಾ?”

ಅವರು ಸುಮ್ಮನಾದರು. ಆ ಹಡಗಿನಲ್ಲಿ ಇಪ್ಪತ್ತಮೂರು ಜನರಿದ್ದರು. ತೊಟ್ಟಿಯ ಗೋಡೆಯಾಚೆ ಎಣ್ಣೆ. ಬಿರುಕು ಗೋಡೆ ದಾಟಿದರೆ ಎಣ್ಣೆಯ ಆವಿ ಖಾಲಿ ತೊಟ್ಟಿಗೆ ಬರುತ್ತದೆ, ಆಮೇಲೆ ಒಂದು ಕಿಡಿ ಸಾಕು. ಇದು ಅವರಿಗೆ ತಿಳಿಯದ್ದೇನಲ್ಲ. ಕೆಸರು ತೊಳೆದುಕೊಳ್ಳುತ್ತಿದ್ದ ನಮ್ಮ ವೆಲ್ಡರು, ಯಾರಿಗೂ ಅಲ್ಲವೆಂಬಂತೆ, “ಹಳೆಯ ಪಂಚೆಗೆ ಹೊಲಿಗೆ ಹಾಕಿದರೆ ಹೊಲಿಗೆಯ ಬದಿಯಲ್ಲೇ ಮತ್ತೆ ಹರಿಯುವುದು ಉಂಟಲ್ಲ ಸಾರ್” ಎಂದರು. ನನ್ನ ಅರ್ಧ ಗಂಟೆಯ ವಾದಕ್ಕಿಂತ ಆ ಮಾತೇ ಕೆಲಸ ಮಾಡಿತೋ ಏನೋ. ಹಡಗು ಎರಡು ದಿನ ತಡವಾಗಿ ಹೊರಟಿತು.

ಆಮೇಲೇನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಹೋಗುವಾಗ ಆ ಅಧಿಕಾರಿ ಕೈಕುಲುಕಿ, “ನೀವು ಹಿಡಿಯದಿದ್ದರೂ ಹಡಗು ಹೋಗಿ ಬರುತ್ತಿತ್ತು” ಎಂದರು. ಬಹುಶಃ ಬರುತ್ತಿತ್ತು. ನಮ್ಮ ಕಸುಬಿನ ಕಷ್ಟವೇ ಇದು. ಸರಿಯಾಗಿ ಮಾಡಿದ ಕೆಲಸಕ್ಕೆ ರುಜುವಾತಿಲ್ಲ. ಮುರಿದದ್ದು ಪತ್ರಿಕೆಯಲ್ಲಿ ಬರುತ್ತದೆ. ಮುರಿಯದೆ ಉಳಿದದ್ದರ ಸುದ್ದಿ ಯಾರು ಬರೆಯುತ್ತಾರೆ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರೆಂದು ನಗುವ ಜನರ ನಡುವೆ, ಉಗುರು ಸಾಕಾಗುವ ಹೊತ್ತಿನಲ್ಲಿಯೇ ಉಗುರು ಹಾಕಬೇಕೆಂದು ಹಟಹಿಡಿಯುವುದಷ್ಟೇ ನಮ್ಮ ಪಾಲಿಗೆ ಬಂದದ್ದು.

ಮನುಷ್ಯನ ದಣಿವು ಒಂದು ಲೋಟ ಮಜ್ಜಿಗೆಗೆ, ಒಂದು ನಿದ್ದೆಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದರೆ ಹೊಸಬ. ಉಕ್ಕಿಗೆ ಆ ಭಾಗ್ಯವಿಲ್ಲ. ಹಡಗನ್ನು ವರ್ಷವಿಡೀ ಬಂದರಿನಲ್ಲಿ ನಿಲ್ಲಿಸಿದರೂ ಹೋದ ಆಯುಷ್ಯ ಬಾರದು. ತುಕ್ಕು ಹಿಡಿದು ಇನ್ನಷ್ಟು ಹೋದೀತು. ಅದು ನರಳುವುದಿಲ್ಲ, ರಜೆ ಕೇಳುವುದಿಲ್ಲ. ಹೇಳಿಕೊಳ್ಳಲಾರದವರ ಪರವಾಗಿ ಇನ್ನೊಬ್ಬರು ಹೋಗಿ ನೋಡಬೇಕಾಗುತ್ತದೆ. ತಪಾಸಣೆಯ ವರದಿಯಲ್ಲಿ ‘ಹಡಗು ಚೆನ್ನಾಗಿದೆ’ ಎಂದು ಬರೆದರಷ್ಟೇ ಮುಗಿಯಲಿಲ್ಲ; ಮತ್ತೆ ಯಾವಾಗ ನೋಡಬೇಕೆಂಬ ತಾರೀಖನ್ನೂ ಬರೆಯಬೇಕು. ನನ್ನ ಮಟ್ಟಿಗೆ ವರದಿಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದ ಸಾಲು ಆ ತಾರೀಖೇ.

ಬೆಂಗಳೂರಿನ ನಮಗೆ ಸಮುದ್ರ ದೂರ. ಆದರೂ ನಮ್ಮ ಅಡಿಗೆಯ ಅನಿಲದ ಒಂದು ಪಾಲು, ವಾಹನಗಳಿಗೆ ಸುರಿಯುವ ಎಣ್ಣೆಯ ಒಂದು ಪಾಲು ಮಂಗಳೂರಿನ ಪಣಂಬೂರಿನಲ್ಲಿ ಹಡಗಿನಿಂದಲೇ ಇಳಿಯುತ್ತದೆ. ಅದು ಹೊತ್ತಿಗೆ ಸರಿಯಾಗಿ ಬಂದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ, ಅನ್ನಿಸಬೇಕಾಗಿಯೂ ಇಲ್ಲ. ಎಲ್ಲೋ ಒಂದು ಕಡೆ, ಕೈಗೆಟಕುವಷ್ಟು ಹತ್ತಿರದಿಂದ, ಯಾರೋ ದೀಪ ಹಿಡಿದು ನೋಡಿದ್ದಾರೆಂದಷ್ಟೇ ಅದರ ಅರ್ಥ.